ಬಸ್ಸಿನಲ್ಲಿ ಬ್ಯಾಗು, ರಸ್ತೆಯಲ್ಲಿ ರಮಾ

"ಅಡ್ಡ ಬರಬ್ಯಾಡ್ರಿ ಮೇಡಂ! ಟೈಮ್ ಹಾಳಾಗಾಕತ್ತದ!"

ಹೋದ ವರ್ಷ ಉಪಕಾರ ಮಾಡಲು ಹೋಗಿ ನಾನು ತಿಂದ ಬೈಗುಳ ಇದು. ಹುಮನಾಬಾದಿನಲ್ಲಿ ಕೆಲಸ ಮುಗಿಸಿ ದುಬಲಗುಂಡಿಯ ಮನೆಗೆ ಸ್ಕೂಟಿಯಲ್ಲಿ ಹೊರಟಿದ್ದೆ. ಚೂಡಿದಾರಕ್ಕೆ ಬೂಟು ಹಾಕಿಕೊಂಡ ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಓಡುತ್ತಿದ್ದಳು. ಪಾಪ, ಬಸ್ ತಪ್ಪಿರಬೇಕು ಎಂದು ಅಡ್ಡ ನಿಲ್ಲಿಸಿ "ಕೂಡು ಬಾ" ಎಂದೆ. ಹಾಗೆ ಬೈದವಳೇ ಸ್ಕೂಟಿಗೆ ಸುತ್ತು ಹಾಕಿ ಓಡಿಯೇಬಿಟ್ಟಳು. ಸಿಟ್ಟು ಬಂತು. (ನಿಮಗೆ ಬರುತ್ತಿರಲಿಲ್ಲವೇ?)

ಊರಿಗೆ ಬಂದು ವಿಚಾರಿಸಿದೆ. ಹೆಸರು ರಮಾ. ನಮ್ಮೂರಿನವಳೇ. ತಾಯಿ ಕೂಲಿಗೆ ಹೋಗುತ್ತಾಳೆ. ಮಗಳು ಹುಮನಾಬಾದಿನಲ್ಲಿ ಬಿಎಸ್ಸಿ ಫಿಸಿಕ್ಸ್. ಜೊತೆಗೆ ದೂರದ ಓಟದ ಹುಚ್ಚು. ಲ್ಯಾಬ್ ಮುಗಿಯುವಾಗ ಸಂಜೆ. ಮನೆಗೆ ಬಂದರೆ ರೊಟ್ಟಿ ಬಡಿಯಬೇಕು, ಆಮೇಲೆ ರೆಕಾರ್ಡ್ ಬರೆಯಬೇಕು. ಓಡುವುದು ಯಾವಾಗ? ಅದಕ್ಕೇ ಬ್ಯಾಗನ್ನು ಬಸ್ಸಿಗೆ ಹಾಕಿ ಹಿಂದೆ ತಾನು ಓಡುತ್ತಾಳೆ. ಕಂಡಕ್ಟರ್ ಅದನ್ನು ನಮ್ಮೂರ ಚಹಾ ಅಂಗಡಿಯಲ್ಲಿ ಇಳಿಸಿ ಹೋಗುತ್ತಾನೆ.

ಲಾರಿ, ನಾಯಿಗಳ ಕಾಟ ಹೇಗೋ ಸಹಿಸುತ್ತಿದ್ದಳು. ಸಹಿಸಲಾಗದ್ದು ನಮ್ಮಂಥ ದಯಾವಂತರ ಕಾಟ. ಬೈಕು, ಟಂಟಂ, ಟ್ರ್ಯಾಕ್ಟರ್, ಎಲ್ಲವೂ ನಿಲ್ಲುತ್ತಿದ್ದವು. "ಯಾಕವ್ವಾ, ಖಾಲಿಪೀಲಿ ಓಡಾಕತ್ತಿ? ಬಾ, ಕುಂದ್ರು."

ಪರಿಚಯ ಬೆಳೆದ ಮೇಲೆ ನಾನೂ ಒಮ್ಮೆ ಬುದ್ಧಿವಾದ ಹೇಳಿದೆ. "ಫಿಸಿಕ್ಸ್ ಯಾಕ ತಗೊಂಡಿ? ಬ್ಯಾರೆ ಏನರ ಹಗೂರಂದು ತಗೊಂಡು ಆರಾಮ ಓಡಬಹುದಿತ್ತಲ್ಲ?"

"ಯಾಕ್ರಿ ಮೇಡಂ, ಓಡೋರಿಗೆ ತಲಿ ಇರಬಾರದೇನ್ರಿ?"



ಹೋದ ತಿಂಗಳು ಬಸವಕಲ್ಯಾಣದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯ ಓಟವಿತ್ತು. ರಮಾಳದು ಕೊನೆಯ ವರ್ಷ. ಇದು ತಪ್ಪಿದರೆ ಮತ್ತೆ ಅವಕಾಶವಿಲ್ಲ. ಅದೇ ದಿನ ಹುಮನಾಬಾದಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ! ಕಾಲೇಜಿನಲ್ಲಿ ಕೈಕಾಲು ಹಿಡಿದು ಮಧ್ಯಾಹ್ನದ ಬ್ಯಾಚ್ ಮಾಡಿಸಿಕೊಂಡಳು. "ಒಂದು ಮಿನಿಟ್ ಲೇಟಾದ್ರೂ ಒಳಗ ಬಿಡಲ್ಲ ನೋಡು" ಎಂದು ಅವರ ಎಚ್‌ಓಡಿ ಎಚ್ಚರಿಸಿದ್ದರು. ಬಿಡದಿದ್ದರೆ ಒಂದು ವರ್ಷ ಹೋದಂತೆ. ಪರವಾಗಿಲ್ಲ, ಓಟ ಬೆಳಿಗ್ಗೆ ಏಳಕ್ಕೆ. ಎಂಟರೊಳಗೆ ಮುಗಿಯುತ್ತದೆ. ಆರಾಮವಾಗಿ ಬಸ್ ಹಿಡಿದು ಬರಬಹುದು. ತಾಯಿಗೆ ಕೆಲಸ ಬಿಡಲಾಗದ್ದರಿಂದ ಜೊತೆಗೆ ನಾನು ಹೋದೆ.

ಏಳಾಯಿತು. ಎಂಟಾಯಿತು. ಎದೆಗೆ ನಂಬರ್ ಚುಚ್ಚಿಕೊಂಡ ಹುಡುಗಿಯರು ಬಿಸಿಲಿನಲ್ಲಿ ನಿಂತಿದ್ದರು. ಶಾಮಿಯಾನದ ಕೆಳಗೆ ಖಾಲಿ ಕುರ್ಚಿಗಳು ಆರಾಮವಾಗಿ ಕುಳಿತಿದ್ದವು.

"ಯಾಕ್ರಿ, ಓಟ ಇನ್ನೂ ಶುರು ಮಾಡಿಲ್ಲ?" ಎಂದು ಸಂಘಟಕರನ್ನು ಕೇಳಿದೆ.

"ಮುಖ್ಯ ಅತಿಥಿ ಸಾಹೇಬ್ರು ಬರಾಕತ್ತಾರ್ರಿ. ಚಿಟಗುಪ್ಪಾದಾಗ ಒಂದು ಲಗ್ನದಾಗ ಅದಾರ."

"ಓಟ ಶುರು ಮಾಡಿಬಿಡ್ರಿ. ಅವರು ಬಂದ ಮ್ಯಾಲ ಬಹುಮಾನ ಕೊಡ್ಲಿ."

"ಅದ್ಹ್ಯಾಂಗ್ರಿ? ಹಸಿರು ಝಂಡಾ ಅವರೇ ತೋರಿಸಬೇಕು. ಫೋಟೋದವರು ಬಂದು ಕುಂತಾರ."

ಒಂಬತ್ತೂ ಆಯಿತು, ಹತ್ತೂ ಆಯಿತು, ಹನ್ನೆರಡೂ ಹತ್ತಿರವಾಯಿತು. ರಮಾ ಒಮ್ಮೆ ಗೆರೆ ನೋಡಿದಳು, ಒಮ್ಮೆ ನನ್ನ ಗಡಿಯಾರ ನೋಡಿದಳು. "ಈ ಬಸ್ ಬಿಟ್ರ ಪ್ರಾಕ್ಟಿಕಲ್ ಹೋಗ್ತದ್ರಿ ಮೇಡಂ" ಎಂದು ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ, ನಂಬರನ್ನು ಮಡಿಸಿ ಬ್ಯಾಗಿನಲ್ಲಿಟ್ಟಳು. ಅದೇ ಬ್ಯಾಗಿನಲ್ಲಿ ಲ್ಯಾಬ್ ಕೋಟ್ ಇತ್ತು.

ಬಸ್ ಹತ್ತಿ ಬಸವಕಲ್ಯಾಣ ದಾಟುವಾಗ ಎದುರಿನಿಂದ ಹಾರ್ನ್ ಹೊಡೆಯುತ್ತ ಕಾರುಗಳ ಸಾಲು ಬಂತು. ನಮ್ಮ ಬಸ್ಸು ಬದಿಗೆ ಸರಿದು ದಾರಿ ಬಿಟ್ಟಿತು. ಸಾಹೇಬರು ಬಂದರು! ಕೆಳಗಿಳಿದು ಕಾರಿನ ಗಾಜು ಒಡೆಯಬೇಕು ಅನ್ನಿಸಿತು ನನಗೆ. ರಮಾ ಕಿಟಕಿಯ ಕಡೆ ತಿರುಗಲೂ ಇಲ್ಲ.

ಲ್ಯಾಬಿಗೆ ಸರಿಯಾದ ಸಮಯಕ್ಕೇ ತಲುಪಿದೆವು. ಬಾಗಿಲಿಗೆ ಬೀಗ!

"ಹೊರಗಿನ ಎಗ್ಜಾಮಿನರ್ ಸಾಹೇಬ್ರು ಎಚ್‌ಓಡಿ ಸರ್ ಮನ್ಯಾಗ ಊಟ ಮಾಡಾಕತ್ತಾರ್ರಿ. ಜರಾ ಕುಂದ್ರಿ" ಎಂದ ಜವಾನ.

ಎಂಥ ಊಟವೋ! ಅವರು ಹಲ್ಲಿಗೆ ಕಡ್ಡಿ ಹಾಕುತ್ತ ಬರುವಷ್ಟರಲ್ಲಿ ಈ ಹುಡುಗಿ ಆ ಓಟ ಓಡಿ, ಮುಂದಿನ ಬಸ್ಸಿಗೂ ಬಂದು ಮುಟ್ಟಬಹುದಿತ್ತು. ಅದು ಅವಳಿಗೂ ಗೊತ್ತಾಯಿತು. ಲ್ಯಾಬ್ ಕೋಟಿನಲ್ಲಿ ಮುಖ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕುಳಿತು ಅತ್ತಳು. ಒಂದು ಮಿನಿಟ್ ಲೇಟಾದರೆ ಬಿಡುವುದಿಲ್ಲ ಎಂಬ ಕಾನೂನು ಯಾರಿಗೆ ಮಾಡಿದ್ದು ಸ್ವಾಮಿ?

ಪರೀಕ್ಷೆ ಚೆನ್ನಾಗಿಯೇ ಆಯಿತಂತೆ. "ಓದೇ ಮುಖ್ಯ ಅಂತ ಈಗರ ತಿಳೀತಲ್ಲ, ಶಾಣ್ಯಾ ಆದಿ" ಎಂದು ಎಚ್‌ಓಡಿ ಬೆನ್ನು ತಟ್ಟಿದರಂತೆ. ಸಾಹೇಬರು ಝಂಡಾ ಹಿಡಿದ ಫೋಟೋ ಮರುದಿನ ಎಲ್ಲರ ಮೊಬೈಲಿನಲ್ಲಿತ್ತು. ಹಳ್ಳಿಯ ಹೆಣ್ಣುಮಕ್ಕಳಿಗೆ ಪ್ರೋತ್ಸಾಹ ಕೊಡಬೇಕು ಎಂದು ಭಾಷಣ ಬೇರೆ.

ಮೊನ್ನೆ ಸೋಮವಾರ ಅದೇ ರಸ್ತೆಯಲ್ಲಿ ರಮಾ ಕಂಡಳು. ಹೆಗಲಿಗೆ ಬ್ಯಾಗು, ಕಾಲಿಗೆ ಚಪ್ಪಲಿ. ನಾನು ಸ್ಕೂಟಿ ನಿಧಾನ ಮಾಡಿದೆ. ಬೈಯಲಿ, ಒಮ್ಮೆ ಬಾಯಿ ತುಂಬ ಬೈಯಲಿ ಎಂದು ಆಸೆಪಟ್ಟೆ.

ಅವಳು ಕೈ ಅಡ್ಡ ಹಿಡಿದಳು. "ನಿಂದ್ರಿ ಮೇಡಂ, ನಾನೂ ಬರ್ತೀನ್ರಿ. ಬಸ್ ತಪ್ಪಿತು."

ಹಿಂದೆ ಕುಳಿತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಊರು ಬಂತು. ಚಹಾ ಅಂಗಡಿಯವನು ನಮ್ಮನ್ನು ನೋಡಿ ಖುಷಿಪಟ್ಟ. "ಛಲೋ ಆತು ನೋಡವ್ವಾ, ಓಡೋ ತ್ರಾಸ್ ತಪ್ಪಿತು."

ಅಂತೂ ಎಲ್ಲರೂ ಸೇರಿ ಅವಳನ್ನು ಗಾಡಿ ಹತ್ತಿಸಿದೆವು. ಇನ್ನು ಯಾರನ್ನು ನಿಲ್ಲಿಸೋಣ?