ಅಣ್ಣ ಕೊಟ್ಟ ಫೋಲ್ಡರ್

ತೆರೆಯದ ಫೋಲ್ಡರನ್ನು ತೆರೆಸುವುದರಲ್ಲಿ ನನ್ನದು ಎತ್ತಿದ ಕೈ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಗಂಡನನ್ನೇ ಕರೆಯಬೇಕು, ನಿಜ. ಆದರೆ ಇಮೇಲ್ ಸರ್ವರಿನ ಮುಂದೆ ಕೂತೆನೆಂದರೆ ನಾನೇ ರಾಣಿ.

ಸರ್ವರಿನಲ್ಲಿ ಹಲವರು ಸೇರಿ ನೋಡುವ ಫೋಲ್ಡರುಗಳಿರುತ್ತವೆ. ಯಾರು ಓದಬಹುದು, ಯಾರು ಅಳಿಸಬಹುದು ಎಂದು ಪ್ರತಿಯೊಂದಕ್ಕೂ ಅಪ್ಪಣೆ ಬೇರೆ. ಅಪ್ಪಣೆಯಲ್ಲಿ ನಾವು ಪಳಗಿದ ಜನವೇ. ಹೆಣ್ಣು ನೋಡಲು ಹೊರಡುವ ಮುಂಚೆ ದೇವರ ಬಲಗಡೆಯಿಂದ ಹೂ ಬೀಳಲೆಂದು ಕಾಯುತ್ತೇವೆ. ಪಂಕ್ತಿಯಲ್ಲಿ ಹಿರಿಯರು ಎಲೆಗೆ ಕೈಹಾಕಲೆಂದು ಕಾಯುತ್ತೇವೆ. ಪುರಾಣಗಳಲ್ಲಂತೂ ದೇವರಿಗಿಂತ ಬಾಗಿಲು ಕಾಯುವವರದೇ ಜೋರು. ಇಷ್ಟಾದರೂ ಕಂಪ್ಯೂಟರಿನ ಅಪ್ಪಣೆ ಮಾತ್ರ ನಮ್ಮ ತಲೆಗೆ ಹತ್ತುವುದಿಲ್ಲ.

ಏರ್‌ಪೋರ್ಟ್ ರಸ್ತೆಯಲ್ಲಿ ಫ್ಲೈಓವರ್ ಕಟ್ಟುತ್ತಿದ್ದ ಕಾಲ. ತಮ್ಮ ಹೊಲದಲ್ಲೇ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದ ಕೊಡಿಗೇಹಳ್ಳಿಯ ಅಣ್ಣತಮ್ಮಂದಿರ ಆಫೀಸಿನ ಸರ್ವರ್ ನನ್ನ ಉಸ್ತುವಾರಿಯಲ್ಲಿತ್ತು. ಅಣ್ಣ ವೆಂಕಟೇಶಪ್ಪ, ತಮ್ಮ ಮುನಿರಾಜು. ಒಂದು ಬೆಳಿಗ್ಗೆ ಮುನಿರಾಜು ಫೋನ್ ಮಾಡಿ, ಕರಾರು ಪತ್ರಗಳ ಫೋಲ್ಡರ್ ಅಣ್ಣನಿಗೆ ಕಾಣುತ್ತದೆ, ತನಗೆ ಕಾಣುವುದಿಲ್ಲ ಎಂದರು. ದನಿ ಯಾಕೋ ಸರಿಯಿರಲಿಲ್ಲ. ಕೆದಕಿದಾಗ ಹೊರಬಿತ್ತು: ಅಣ್ಣ ತನ್ನನ್ನು ದೂರ ಇಟ್ಟಿದ್ದಾನೆ, ಇನ್ನು ಪಾಲು ತೆಗೆದುಕೊಂಡು ತಣಿಸಂದ್ರದಲ್ಲಿ ಬೇರೆ ಆಫೀಸು ಮಾಡುವುದೇ ಸರಿ, ಮಳಿಗೆಯನ್ನೂ ನೋಡಿಟ್ಟಾಗಿದೆ. ಅಣ್ಣನನ್ನೇ ಒಂದು ಮಾತು ಕೇಳಬಾರದೇ ಅಂದೆ.

"ಅದೆಂಗ್ ಕೇಳಾದು ಮೇಡಂ? ಅಣ್ಣ ಅವ್ನು. ಕೊಡ್ಬೇಕು ಅನ್ಸಿದ್ರೆ ಅವ್ನೇ ಕೊಡ್ತಿದ್ದ."

ಅಲ್ಲಾಳಸಂದ್ರದ ನನ್ನ ಮನೆಯಿಂದ ಸ್ಕೂಟರ್ ಏರಿ ಅವರ ಆಫೀಸಿಗೆ ಹೋದೆ. ಅಲ್ಲಿ ವೆಂಕಟೇಶಪ್ಪನವರದು ಇನ್ನೊಂದು ರಾಗ. ಫೋಲ್ಡರ್ ಮಾಡಿದ ದಿನವೇ, ನನ್ನನ್ನೂ ಕೇಳದೆ, ತಾವೇ ಕೂತು ಕಲಿತು ತಮ್ಮನಿಗೆ ಪೂರ್ತಿ ಅಧಿಕಾರ ಕೊಟ್ಟಿದ್ದರಂತೆ. ಅವನು ತೆರೆದೂ ನೋಡಿಲ್ಲ, ಅಣ್ಣ ಮಾಡಿದ್ದೆಂದರೆ ಅಷ್ಟು ತಾತ್ಸಾರ ಎಂದು ಅವರಿಗೂ ಒಳಗೇ ಸಂಕಟ. ಕೊಟ್ಟ ಸಂಗತಿ ತಮ್ಮನಿಗೆ ಹೇಳಿದಿರಾ ಎಂದು ಕೇಳಿದೆ.

"ತಮ್ಮಂಗೆ ಕೊಟ್ಟಿದ್ದನ್ನ ಯಾರಾದ್ರೂ ಏಳ್ಕೊಂಡು ತಿರುಗ್ತಾರಾ ಮೇಡಂ?"

ಕೇಳಿದರೆ ತಮ್ಮನಿಗೆ ಮರ್ಯಾದೆ ಕಡಿಮೆ, ಹೇಳಿದರೆ ಅಣ್ಣನಿಗೆ ದೊಡ್ಡತನ ಕಡಿಮೆ. ಇದಕ್ಕೆ ಯಾವ ಸರ್ವರ್ ಏನು ಮಾಡೀತು!

ಕಂಪ್ಯೂಟರಿನ ತಪ್ಪನ್ನಂತೂ ನಾನು ಕಾಫಿ ಆರುವ ಮೊದಲೇ ಹಿಡಿದೆ. ಆ ಫೋಲ್ಡರ್ ಇನ್ನೊಂದು ದೊಡ್ಡ ಫೋಲ್ಡರಿನ ಒಳಗಿತ್ತು. ಒಳಗಿನದಕ್ಕೆ ಸಕಲ ಅಧಿಕಾರ ಕೊಟ್ಟಿದ್ದ ಅಣ್ಣ, ಹೊರಗಿನದನ್ನು ಕಾಣುವ ಅಪ್ಪಣೆಯನ್ನೇ ಕೊಟ್ಟಿರಲಿಲ್ಲ. ದೇವರಮನೆಯ ಬೀಗದ ಕೈ ಕೊಟ್ಟು ಬೀದಿ ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಇಬ್ಬರನ್ನೂ ಒಂದೇ ಪರದೆಯ ಮುಂದೆ ಕೂರಿಸಿ ತೋರಿಸಿದೆ. ಒಳಗಿನ ಫೋಲ್ಡರಿನಲ್ಲಿ ಮುನಿರಾಜು ಹೆಸರು ಅಣ್ಣನ ಹೆಸರಿಗಿಂತ ಮೇಲೇ ಇತ್ತು. ಅದು ಬರೀ ಅಕ್ಷರಮಾಲೆಯ ಕ್ರಮ ಎಂದು ನಾನು ಬಾಯಿಬಿಡಲಿಲ್ಲ. ಮುನಿರಾಜು ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು. ವೆಂಕಟೇಶಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ನಾನು ಹೊರಗಿನ ಅಪ್ಪಣೆಯನ್ನೂ ಕೊಟ್ಟು ಮುಗಿಸಿದೆ.

ಆಮೇಲೆ ತಣಿಸಂದ್ರದ ಮಾತೇ ಏಳಲಿಲ್ಲ. ಕೆಲವು ತಿಂಗಳ ನಂತರ ಬೇರೇನೋ ಕೆಲಸಕ್ಕೆ ನಾನು ಮುನಿರಾಜು ಅವರ ಕಂಪ್ಯೂಟರಿನ ಮುಂದೆ ಕೂತರೆ, ಆ ಫೋಲ್ಡರಿನ ಪತ್ರಗಳೆಲ್ಲ ಓದದೇ ಉಳಿದ ಗುರುತಾಗಿ ದಪ್ಪಕ್ಷರದಲ್ಲೇ ಇದ್ದವು. ಒಂದನ್ನೂ ಮುಟ್ಟಿರಲಿಲ್ಲ. ಮತ್ತೆ ತೆರೆಯುತ್ತಿಲ್ಲವೇ ಎಂದು ಕೇಳಿದೆ.

"ಚೆನ್ನಾಗೇ ಕಾಣ್ತದೆ ಮೇಡಂ," ಎಂದರು ಮುನಿರಾಜು. "ಓದಾದೆಲ್ಲ ಅಣ್ಣ ನೋಡ್ಕೊತಾನೆ ಬಿಡಿ."