ಕುಸಬಿ ಎಣ್ಣೆ ಕುಡಿದ ಗೇರು, ನರೋಣಾದ ಮಾಣಿಕಮ್ಮ

ನರೋಣಾ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಅಂಗಡಿಯ ಮುಂದೆ ಮಾಣಿಕಮ್ಮ ಹಳೇ ಧೋತರವೊಂದನ್ನು ಹಾಸಿ ಕುಳಿತಿದ್ದಾರೆ. ಅದರ ಮೇಲೆ ಸೈಕಲ್ಲಿನ ಹಿಂದಿನ ಚಕ್ರದ ಹಬ್ ಬಿಚ್ಚಿಕೊಂಡು ಬಿದ್ದಿದೆ. ಇದು ನಾವು ನೀವು ಕಂಡ ಹಬ್ ಅಲ್ಲ. ಗೇರೆಲ್ಲ ಇದರ ಹೊಟ್ಟೆಯೊಳಗೇ ಇವೆ.

"ಧೋತರ ತುಳೀಬ್ಯಾಡ್ರಿ ಸರ, ಛರ್ರಾ ಉರುಳ್ತಾವ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಛರ್ರಾ ಎಂದರೆ ಜೋಳದ ಕಾಳಿನಷ್ಟು ಉಕ್ಕಿನ ಗುಂಡು. ಒಂದು ಕಳೆದರೂ ತಾಲೂಕಿನ ಊರಾದ ಆಳಂದದಲ್ಲೂ ಸಿಕ್ಕೀತೆಂಬ ಭರವಸೆಯಿಲ್ಲ.

ಪಕ್ಕದಲ್ಲಿ ಸೈಕಲ್ಲಿನ ಒಡತಿ ಮೈತ್ರಿ ಕಾಯುತ್ತಿದ್ದಾಳೆ. ಕ್ಷಯದ ಅನುಮಾನ ಇರುವವರ ಕಫದ ಡಬ್ಬಿಗಳನ್ನು ಸುತ್ತಲಿನ ಊರುಗಳಿಂದ ತಂದು, ಅದೇ ದಿನ ಆಳಂದದ ಬಸ್ಸಿಗೆ ಮುಟ್ಟಿಸುವುದು ಅವಳ ಕೆಲಸ. ತಡವಾದರೆ ಡಬ್ಬಿ ಕೆಡುತ್ತದೆ, ಪಾಪ, ಕೆಮ್ಮುವವರು ಮತ್ತೊಂದು ವಾರ ಕೆಮ್ಮುತ್ತಾರೆ. "ಕಾಕಿ, ಲಗೂನ ಮಾಡು," ಎಂದರೆ ಮಾಣಿಕಮ್ಮ ತಲೆ ಎತ್ತದೆ ಗದರುತ್ತಾರೆ: "ಸುಮ್ನ ಕೂಡ ಬೇ. ಅವಸರದಾಗ ಜೋಡಿಸಿದ್ರ ಹಾದ್ಯಾಗ ಕೈ ಕೊಡ್ತದ."

ಮೈತ್ರಿಯಂಥವರಿಗೆಲ್ಲ ಈ ಸೈಕಲ್ಲುಗಳನ್ನು ಕೊಟ್ಟದ್ದು ದೂರದ ದೊಡ್ಡ ಊರಿನ ಒಂದು ಸೇವಾಸಂಸ್ಥೆ. ಕೊಡುವಾಗ ಭಾಷಣ, ಹಾರ, ಫೋಟೋ ಎಲ್ಲ ಆಯಿತು. ಆಯ್ಕೆಯೇನೂ ತಪ್ಪಲ್ಲ ಅನ್ನಿ. ನಮ್ಮ ಎರೆಮಣ್ಣು ಹೊರಗಿನ ಗೇರಿಗೆ ಮೆತ್ತಿಕೊಂಡರೆ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಒಳಗಿನ ಗೇರಿಗೆ ಆ ಕಾಟವಿಲ್ಲ. ಆದರೆ ಅದನ್ನು ಸಾಕುವುದು ಹೇಗೆಂದು ಯಾರೂ ಹೇಳಲಿಲ್ಲ. ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಒಂದು ಕಾಗದ, ಅದರ ಮೇಲೆ ಎಣ್ಣೆ ಹನಿಯ ಚಿತ್ರ. ಅಷ್ಟೇ!

"ಹನಿ ಚಿತ್ರ ನೋಡಿ ಎಣ್ಣಿ ಹಾಕೂದ ಅಂತ ತಿಳ್ಕೊಂಡೆ. ಚೈನಿಗೆ ನಾವು ಟ್ರ್ಯಾಕ್ಟರಿಂದು ಸುಟ್ಟ ಆಯಿಲ್ ಹಚ್ತೀವ್ರಿ. ಇಂಥಾ ತುಟ್ಟಿ ಸಾಮಾನಿಗೆ ಆ ಹೊಲಸ ಹ್ಯಾಂಗ ಹಾಕ್ಲಿ? ಮನ್ಯಾಗ ಗಾಣದ ಕುಸಬಿ ಎಣ್ಣಿ ಇತ್ತು. ಎಲ್ಲಾ ಸೈಕಲ್ಲಿಗೂ ಅದನ್ನ ಹಾಕೀನಿ."

ಮನೆಯಲ್ಲಿದ್ದ ಅತ್ಯುತ್ತಮ ಎಣ್ಣೆ ಅದು. ನಮ್ಮ ಸೀಮೆಯಲ್ಲಿ ಬಾಣಂತಿಯ ಊಟಕ್ಕೂ ಅದೇ, ಬಾಗಿಲ ತಿರುಗಣಿಗೂ ಅದೇ. ಆದರೆ ಕುಸಬಿ ಎಣ್ಣೆ ಗಾಳಿಗೆ ಒಣಗುತ್ತ ಅಂಟಾಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಬ್‌ಗಳೊಳಗಿನ ಸಣ್ಣ ಕೊಂಡಿಗಳು ಅಂಟಿ ಕೂತವು, ಪೆಡಲ್ ಬರೀ ಗರಗರ ತಿರುಗತೊಡಗಿತು. ಸಂಸ್ಥೆಯ ಸಾಹೇಬರೊಬ್ಬರು ಬಂದರು, ಜೀಪಿನಿಂದ ಅರ್ಧ ಇಳಿದರು, ಒಂದನ್ನೂ ಬಿಚ್ಚಿಸಲಿಲ್ಲ. "ಈ ಹಬ್ ನಿಮ್ಮ ರಸ್ತೆಗೆ ತಾಳುವುದಿಲ್ಲ," ಎಂದು ತೀರ್ಪು ಕೊಟ್ಟು ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಆ ಒಂದು ಮಾತಿನ ಮೇಲೆ ಅಫಜಲಪುರ, ಜೇವರ್ಗಿ ಕಡೆಯ ಸೈಕಲ್ಲುಗಳನ್ನೂ ಹೋದ ತಿಂಗಳೇ ಲಾರಿಗೆ ಹೇರಿ ಒಯ್ದರು. ಘತ್ತರಗಿಯ ಖಾಸೀಂಬಿ ಈಗ ಡಬ್ಬಿ ಹಿಡಿದು ಹೊಳೆದಂಡೆಯ ಹಾದಿಯಲ್ಲಿ ನಡೆದೇ ಹೋಗುತ್ತಾಳೆ. ನರೋಣಾಕ್ಕೆ ಲಾರಿ ಬರುವುದು ಮುಂದಿನ ಸೋಮವಾರ.

ಮಾಣಿಕಮ್ಮನಿಗೆ ಈ ಅಂಗಡಿ ಬಂದದ್ದು ಗಂಡ ಶಿವರಾಯರ ಕೈ ಕಾಳು ಒಕ್ಕುವ ರಾಶಿ ಮಷೀನಿಗೆ ಸಿಕ್ಕ ಮೇಲೆ. ಅವರು ಪಕ್ಕದಲ್ಲಿ ಕೂತು ಹೇಳಿದರು, ಇವರು ಪಾನಾ ಹಿಡಿದು ಕಲಿತರು. ಊರಿನ ಕೆಲವರು ಪಂಕ್ಚರ್ ಹಾಕಿಸಿಕೊಳ್ಳಲು ಬರುತ್ತಿದ್ದರು, ಬಾಯಾರಿದರೆ ಮಾತ್ರ ಹೋಟೆಲಿಗೆ ಹೋಗುತ್ತಿದ್ದರು. "ನನ್ನ ಕೈಯಾಗಿನ ಗಾಳಿ ಬೇಕ್ರಿ ಅವ್ರಿಗೆ, ನನ್ನ ಕೊಡದಾಗಿನ ನೀರು ಬ್ಯಾಡ," ಎಂದು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಈಗ ಅವರು ಒಂದೊಂದೇ ಹಬ್ ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಹಲ್ಲುಜ್ಜುವ ಬ್ರಷ್ಷಿನಿಂದ ಅಂಟು ಕೆರೆದು, ತೆಳ್ಳನೆಯ ಮಷೀನ್ ಎಣ್ಣೆ ಬಿಟ್ಟು ಜೋಡಿಸುತ್ತಿದ್ದಾರೆ. ಮೊದಲನೆಯದನ್ನು ಜೋಡಿಸಲಾಗದೆ ಹಾಳು ಮಾಡಿದರು. ಆ ದಿನ ಉಣ್ಣಲಿಲ್ಲವಂತೆ. ಉಳಿದವೆಲ್ಲ ಓಡುತ್ತಿವೆ, ಮೈತ್ರಿಯದೇ ಕಡೆಯದು. ಗೇರಿನ ಚಕ್ರವನ್ನು ಒರೆಸಿ ನನ್ನ ಅಂಗೈಯಲ್ಲಿಡುತ್ತಾರೆ. "ಹಲ್ಲು ನೋಡ್ರಿ. ಖಡಿ ಹಾದಿ, ಕೆಸರು, ಹಳ್ಳ, ಎಲ್ಲಾ ತಿಂದು ಬಂದದ. ಒಂದರ ಸವದದೇನು?"

ಸವೆದಿಲ್ಲ. ನಾನು ಅಲ್ಲಿಂದಲೇ ಸಂಸ್ಥೆಯವರೊಬ್ಬರ ಮೊಬೈಲಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. "ಬಳಸಿದವರ ನಿರ್ಲಕ್ಷ್ಯ," ಎಂದಿತು ಆ ಕಡೆಯ ದನಿ. ನಿರ್ಲಕ್ಷ್ಯವೇ? ತನ್ನ ಒಗ್ಗರಣೆಯ ಎಣ್ಣೆಯನ್ನು ನಿಮ್ಮ ಸೈಕಲ್ಲಿಗೆ ಸುರಿದವಳದ್ದು ನಿರ್ಲಕ್ಷ್ಯ, ಕನ್ನಡದಲ್ಲಿ ನಾಲ್ಕು ಸಾಲು ಬರೆಸದ ನಿಮ್ಮದು ಸೇವೆ! ಮೈ ಉರಿಯುತ್ತದೆ. ಲಾರಿ ಬಂದೇ ಬರುತ್ತದೆ ಎಂದರು, ಫೋನ್ ಇಟ್ಟರು.

ಅಷ್ಟರಲ್ಲಿ ಚಕ್ರ ಕೂತಿದೆ. ಮೈತ್ರಿ ಹತ್ತಿ ಬಸ್‌ಸ್ಟ್ಯಾಂಡಿನ ದಿಬ್ಬ ಏರುತ್ತಾಳೆ, ಗೇರು ಟಕ್ಕೆಂದು ಹಿಡಿಯುತ್ತದೆ. ಮಾಣಿಕಮ್ಮ ಕಿವಿಗೊಟ್ಟು ಕೇಳಿ, ಆಮೇಲೆ ಕೈ ಒರೆಸಿಕೊಳ್ಳುತ್ತಾರೆ.

ಫೋಟೋ ತೆಗೆಯಲೇ ಎಂದರೆ ಬೇಡವೆನ್ನುತ್ತಾರೆ.

"ನನ್ನ ಮಾರಿ ಯಾಕ್ರಿ? ಒಂದ ಮಾತು ಬರೀರಿ. ಹಬ್ ಗಟ್ಟಿ ಅದ, ಎಣ್ಣಿ ತಪ್ಪಿತ್ತು, ತಪ್ಪು ಮಾಡಿದಾಕಿ ನರೋಣಾದ ಮಾಣಿಕಮ್ಮ ಅಂತ. ಹೆಸರು ಹಾಕೇ ಬರೀರಿ, ನನಗ ನಾಚಿಕಿ ಇಲ್ಲ. ಸೈಕಲ್ಲು ಇಲ್ಲೇ ಇರ್ಲಿ."