ಎಂಟರಲ್ಲಿ ಒಂದು ಪಾಲು

ಮದ್ದೂರಿನ ಪಿಯು ಕಾಲೇಜೊಂದರಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಸಂಭವನೀಯತೆಯ ಪಾಠ ಬಂದಾಗ ಪುಸ್ತಕದ ನಾಣ್ಯ, ದಾಳ ಎಲ್ಲ ಬಿಟ್ಟು ಹುಡುಗರನ್ನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕರೆದೊಯ್ಯುತ್ತೇನೆ, ಮಾತಿನಲ್ಲೇ. ಮೂವರು ಗಿರಾಕಿಗಳು. ಒಬ್ಬೊಬ್ಬರೂ ವಡೆ ಇಲ್ಲವೇ ಇಡ್ಲಿ ಕೇಳುತ್ತಾರೆ, ಎರಡಕ್ಕೂ ಸಮ ಅವಕಾಶ. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರೂ ಕೇಳಬಹುದು. ಅಡುಗೆಮನೆಗೆ ಎಷ್ಟು ಬಗೆಯ ಆರ್ಡರ್ ಹೋಗಬಹುದು? ನಾಲ್ಕು: ಮೂರೂ ವಡೆ, ಎರಡು ವಡೆ ಒಂದು ಇಡ್ಲಿ, ಒಂದು ವಡೆ ಎರಡು ಇಡ್ಲಿ, ಮೂರೂ ಇಡ್ಲಿ. ಹಾಗಾದರೆ ಮೂರೂ ವಡೆಯೇ ಆಗುವ ಸಂಭವ ಎಷ್ಟು ಎಂದರೆ ಇಡೀ ಕ್ಲಾಸು "ನಾಲ್ಕರಲ್ಲಿ ಒಂದು ಮೇಡಂ" ಎಂದು ಕೂಗುತ್ತದೆ. ಪ್ರತಿ ವರ್ಷ ಅದೇ ತಪ್ಪು, ಪ್ರತಿ ವರ್ಷ ನನ್ನದು ಅದೇ ಸಿಡುಕು. ಬಗೆ ನಾಲ್ಕಾದರೂ ಅವು ಸಮ ಅಲ್ಲ ಕಣ್ರೋ ಎನ್ನುತ್ತೇನೆ. ಎರಡು ವಡೆ ಒಂದು ಇಡ್ಲಿ ಮೂರು ರೀತಿ ಬರಬಹುದು. ಇಡ್ಲಿ ಕೇಳಿದವರು ಮೊದಲನೆಯವರೋ, ನಡುವಿನವರೋ, ಕೊನೆಯವರೋ. ಮೂರೂ ವಡೆ ಬರುವುದು ಒಂದೇ ರೀತಿ. ಎಲ್ಲ ಕೂಡಿಸಿದರೆ ಎಂಟು ರೀತಿ, ಅದರಲ್ಲಿ ಇದು ಒಂದು.

ಆ ಪಾಠ ನಡೆಯುತ್ತಿದ್ದ ವಾರವೇ ತಂಗಿಯ ಫೋನು ಬಂತು. ಅವಳನ್ನು ಕೊಟ್ಟಿರುವುದು ಮಳವಳ್ಳಿ ಹತ್ತಿರದ ಹಳ್ಳಿಗೆ. ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಈಗ ಮತ್ತೆ ಬಸುರಿ.

"ಅಕ್ಕಾ, ಭಾನ್ವಾರ ಕಾರಲ್ಲಿ ಓಗಿ ಯಾವ್ದು ಅಂತ ನೋಡ್ಸ್ಕಂಡು ಬರಾಣ ಅಂತವ್ರೆ ನಮ್ಮತ್ತೆ. ಎಣ್ಣಾದ್ರೆ ತೆಗ್ಸ್ಬುಡಾದಂತೆ. ಇವ್ರೂ ಊಂ ಅಂದವ್ರೆ. ನೀನು ಬಂದು ಒಂದ್ಮಾತು ಯೋಳು."

'ಇವ್ರು' ಎಂದರೆ ಗಂಡ. ನನಗೆ ಮೈಯೆಲ್ಲ ಉರಿದುಹೋಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಕ್ಕಿದ್ದೇವೆ. ಇವರು ಕೂಸೇ ಬೇಕೋ ಬೇಡವೋ ಎಂದು ತೀರ್ಮಾನಿಸಲು ಕೂತಿದ್ದರು. ಕಾನೂನು, ಪೊಲೀಸು ಎಂದು ಜೋರು ಮಾಡಿದರೆ ನನ್ನ ಮುಖಕ್ಕೆ ಬಾಗಿಲು ಹಾಕುತ್ತಾರೆ, ತಂಗಿ ಒಳಗೇ ಉಳಿಯುತ್ತಾಳೆ.

ಏನು ಹೇಳಲಿ ಎಂದು ಬಸ್ಸಿನಲ್ಲಿ ಯೋಚಿಸಿದೆ. ನಿಜವಾದ ಲೆಕ್ಕ ಸಣ್ಣ ಮಗುವಿಗೂ ಅರ್ಥವಾಗುವಂಥದ್ದು. ಹೆಣ್ಣುಮಕ್ಕಳಿಬ್ಬರೂ ಆಗಲೇ ಹುಟ್ಟಿ ಸ್ಕೂಲಿಗೆ ಹೋಗುತ್ತಿದ್ದಾರೆ. ಹೊಟ್ಟೆಯಲ್ಲಿರುವ ಕೂಸಿಗೆ ಅವರ ಸುದ್ದಿಯೇ ಗೊತ್ತಿಲ್ಲ. ಗಂಡೋ ಹೆಣ್ಣೋ, ಅರ್ಧಕ್ಕರ್ಧ. ಆದರೆ ಅರ್ಧ ಎಂದರೆ ಆ ಮನೆಯವರು ಕಾರು ಹತ್ತುತ್ತಾರೆ. ಎಂಟರಲ್ಲಿ ಏಳು ಪಾಲು ಗಂಡು ಎಂದರೆ ಸುಮ್ಮನಾದಾರು. ಮಗು ಉಳಿಯುವುದಾದರೆ ಲೆಕ್ಕ ಹಾಳಾಗಿ ಹೋಗಲಿ ಎಂದುಕೊಂಡೆ.

ತಂಗಿಯ ಅತ್ತೆ ಒಳ್ಳೆಯ ಹೆಂಗಸು, ಅದೇ ಸಂಕಟ. ಲೆಕ್ಕದ ಮೇಡಮ್ಮು ಅಂತ ನನ್ನ ಮೇಲೆ ಮರ್ಯಾದೆ. ಮುದ್ದೆ, ಉಪ್ಸಾರು ಇಕ್ಕಿ, ಉಣ್ಣುವ ತನಕ ಆ ಮಾತೆತ್ತಲಿಲ್ಲ. ಆಮೇಲೆ ದೊಡ್ಡ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿ, ಜಡೆ ಹಾಕಿ, ಆಡಲು ಕಳಿಸಿದರು. ಆಗ ನಾನೇ ಶುರುಮಾಡಿದೆ.

"ಅಮ್ಮಾ, ಮೂರು ಮಕ್ಳಾದ್ರೆ ಮೂರೂ ಹೆಣ್ಣಾಗೋದು ಎಂಟ್ರಲ್ಲಿ ಒಂದೇ ಪಾಲು. ಮಿಕ್ಕ ಏಳು ಪಾಲ್ನಲ್ಲಿ ಗಂಡು ಇದ್ದೇ ಇರ್ತದೆ. ನಮ್ಮ ಪುಸ್ತಕದಲ್ಲೇ ಅದೆ."

ಮೊದಲ ಮಗು ಹುಟ್ಟುವ ಮುಂಚೆ ಹೇಳಿದ್ದರೆ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಈಗ ಹೇಳಿದ್ದರಿಂದ ಅಷ್ಟೂ ಸುಳ್ಳು. ಅವರು ಬೆರಳು ಮಡಚಿ ಎಣಿಸಿದರು. ಮುಖ ಅರಳಿತು. ಗೆದ್ದೆ ಎಂದುಕೊಂಡೆ.

"ಏಳು ಪಾಲು ನಮ್ಕಡೆಗೇ ಅಂತೀಯ. ಸಂತೋಸ ಕಣವ್ವ," ಎಂದರು. "ಆದ್ರೂ ಆ ಒಂದು ಪಾಲು ಅದಲ್ಲ? ಅದೇ ಆಗ್ಬುಟ್ರೆ? ನೋಡ್ಸ್ಕಂಡು ಬಂದ್ಬುಡಾದೇ ವಾಸಿ."

ಏಳು ಪಾಲು ಕೊಟ್ಟರೂ ಸಾಲದ ಮನೆಗೆ ಇನ್ನೆಷ್ಟು ಕೊಡಲಿ? ಅಲ್ಲಿಯತನಕ ಬಾಗಿಲಿಗೆ ಒರಗಿ ನಿಂತಿದ್ದ ತಂಗಿ ಬಂದು ಅತ್ತೆಯ ಎದುರಿಗೆ ಕೂತಳು.

"ಆ ಒಂದು ಪಾಲು ನಾನೇ ಕಣತ್ತೆ," ಎಂದಳು. "ನಮ್ಮವ್ವನ್ಗೂ ಮೂರೂ ಎಣ್ಮಕ್ಳೇ. ಮೂರ್ನೇದು ನಾನು. ನನ್ನ ಮುಖ ನೋಡ್ಕಂಡು ಯೋಳಿ, ಬ್ಯಾಡ ಅಂತ."

ಅತ್ತೆ ಅವಳ ಮುಖ ನೋಡಲಿಲ್ಲ. ಬಾಚಣಿಗೆಗೆ ಸಿಕ್ಕಿದ್ದ ಕೂದಲನ್ನು ಬಿಡಿಸುತ್ತ ಕೂತರು. ಅವತ್ತೇ ಸಂಜೆ ತಂಗಿ ಮಕ್ಕಳನ್ನು ಕರೆದುಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಯಾರೂ ತಡೆಯಲಿಲ್ಲ, ಹೋಗಿ ಬಾ ಎನ್ನಲೂ ಇಲ್ಲ.

ಈಗ ಅವಳಿಗೆ ತಿಂಗಳು ತುಂಬುತ್ತಿದೆ. ಗಂಡ ಆಗಾಗ ಫೋನು ಮಾಡುತ್ತಾನೆ. ಗಂಡಾದರೆ ಬಂದು ಕರೆದುಕೊಂಡು ಹೋಗುತ್ತಾನಂತೆ. ಹೆಣ್ಣಾದರೆ ಏನು ಎಂದು ಅವನೂ ಹೇಳಿಲ್ಲ, ಇವಳೂ ಕೇಳಿಲ್ಲ. ಗಂಡಾದರೆ ಇವಳು ಎಲ್ಲ ಮರೆತು, ನಗುತ್ತ ಆ ಮನೆಗೇ ವಾಪಸ್ಸು ಹೋಗುತ್ತಾಳೆ, ಅದು ನನಗೆ ಗೊತ್ತು. ಹೆಣ್ಣಾದರೆ ಮೂರು ಮಕ್ಕಳನ್ನು ಕಟ್ಟಿಕೊಂಡು ನನ್ನ ಹತ್ತಿರವೇ ಉಳಿಯುತ್ತಾಳೆ, ದಿನಾ ಅಳುತ್ತಾಳೆ. ಕಾಲೇಜು ಮುಗಿಸಿ ಬರುವಾಗ ದೇವಸ್ಥಾನಕ್ಕೆ ಹೋಗಿ ಕೈಮುಗಿದು ನಿಲ್ಲುತ್ತೇನೆ. ಯಾವುದಾಗಲಿ ಎಂದು ಬೇಡಿಕೊಳ್ಳಬೇಕೋ ಗೊತ್ತಾಗದೆ ಹಾಗೇ ಮನೆಗೆ ಬರುತ್ತೇನೆ.